ಜೋಲಿ ನೋಡ್ಕೊಳ್ಳಿ

ನನ್ನ ಕಿವಿ ಚುರುಕು ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು ನಾನೇ. ಬೇರೆ ಯಾರೂ ಅಷ್ಟಾಗಿ ಹೇಳಿದ್ದಿಲ್ಲ. ಶಿವಮೊಗ್ಗದ ಆಲ್ಕೊಳ ಸರ್ಕಲ್ಲಿನಿಂದ ಎರಡು ತಿರುವು ಒಳಗೆ, ಪೇಂಟ್ ಅಂಗಡಿಯೊಂದರ ಮಹಡಿಯ ಮೇಲೆ ನನ್ನ ರೆಕಾರ್ಡಿಂಗ್ ಕೋಣೆ ಇದೆ. ವಚನ ಗಾಯನದಿಂದ ಹಿಡಿದು ಸೀರೆ ಸೇಲಿನ ಆಟೋ ಪ್ರಚಾರದವರೆಗೆ ಅಲ್ಲಿ ಎಲ್ಲವೂ ಆಗುತ್ತದೆ. ಬೆಳಿಗ್ಗೆ ಕಸದ ಗಾಡಿ ಹಾಡು ಹಾಕಿಕೊಂಡು ಬರುತ್ತದಲ್ಲ, ಅಂಥದ್ದೊಂದು ಹಾಡಿಗೆ ತಬಲಾ ನುಡಿಸಿದವನು ನಾನು. ಅದನ್ನು ಕೇಳಿ ಜನ ಬಕೆಟ್ ಹಿಡಿದು ಓಡಿ ಬರುತ್ತಾರೆ, ಯಾವ ವಿದ್ವಾಂಸರ ಕಛೇರಿಗೂ ಹಾಗೆ ಓಡಿ ಬರುವುದಿಲ್ಲ ಎಂದು ನಾನು ಬೀಗುತ್ತಿದ್ದೆ.

ಇದೇ ಚುರುಕು ಕಿವಿಯಿಂದ ಭದ್ರಾವತಿಯ ಹಿರಿಯರೊಬ್ಬರ ಪಿಯಾನೊ ನಿಲ್ಲಿಸಿಬಿಟ್ಟೆ. ಅವರ ಕೈಗೆ ನಾನೇನೂ ಪೆಟ್ಟು ಮಾಡಲಿಲ್ಲ. ಕೈ ಕೆಟ್ಟುಹೋಗಿದೆ ಎಂದು ಅವರು ನಂಬುವಂತೆ ಮಾಡಿದೆ, ಅಷ್ಟೇ. ಅದು ಸುಳ್ಳೆಂದು ಗೊತ್ತಿದ್ದ ಒಬ್ಬನೇ ಒಬ್ಬ ಮನುಷ್ಯ ನಾನು. ಎರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ.

ಇದೆಲ್ಲ ಶುರುವಾದದ್ದು ನನ್ನ ನಾದಿನಿಯಿಂದ, ಅಂದರೆ ಹೆಂಡತಿಯ ತಂಗಿಯಿಂದ. ಆಕೆ ಶಿವಮೊಗ್ಗದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರು. ಮನೆಯಲ್ಲಿ ಕಂಪ್ಯೂಟರಿನಲ್ಲಿ ಚಿತ್ರ ಬರೆದು ಅವುಗಳನ್ನು ಓಡಾಡಿಸುತ್ತಾಳೆ. ನಮ್ಮ ಕಡೆಯ ಕೇಬಲ್ ಚಾನೆಲ್ಲಿನವರು ದೀಪಾವಳಿಗೆ ಅರ್ಧ ಗಂಟೆ ಕೊಡುತ್ತೇವೆ, ಮಕ್ಕಳಿಗೆ ಒಂದು ಕಾರ್ಟೂನ್ ಮಾಡಿಕೊಡಿ ಎಂದರಂತೆ. ವರ್ಷವಿಡೀ ಕೂತು ಮಾಡಿದಳು. ಸಕ್ರೆಬೈಲಿನ ಬಿಡಾರದ ಒಂದು ಆನೆಮರಿ. ಪಟಾಕಿ ಸದ್ದಿಗೆ ಹೆದರಿ ಅದು ಬಿಡಾರ ಬಿಟ್ಟು ಹೊರಡುತ್ತದೆ, ಸದ್ದಿಲ್ಲದ ಜಾಗ ಹುಡುಕುತ್ತ ಹೊಳೆಯಂಚಿನಲ್ಲಿ ನಡೆಯುತ್ತದೆ, ಒಂದು ಮನೆಯ ಜಗಲಿಯ ಮೇಲೆ ಹಚ್ಚಿಟ್ಟ ದೀಪವನ್ನು ನೋಡುತ್ತ ನಿಲ್ಲುತ್ತದೆ, ಆಮೇಲೆ ವಾಪಸು ಬರುತ್ತದೆ.

"ಇಷ್ಟೇನಾ ಕಥೆ?" ಅಂದೆ.

"ಇಷ್ಟೇ ಭಾವ."

"ಒಂದು ಹುಲಿನಾದ್ರೂ ಹಾಕು ಮಾರಾಯ್ತಿ. ತ್ಯಾವರೆಕೊಪ್ಪದ ಹುಲಿ ಸಫಾರಿ ಇಲ್ಲೇ ಇದೆಯಲ್ಲ."

"ನೀವು ಮ್ಯೂಸಿಕ್ ನೋಡ್ಕೊಳ್ಳಿ ಭಾವ, ಹುಲಿ ವಿಷ್ಯ ನಂಗೆ ಬಿಡಿ."

ಮ್ಯೂಸಿಕ್ ನನ್ನ ತಲೆಯಲ್ಲಿ ಆಗಲೇ ಸಿದ್ಧವಾಗಿತ್ತು. ಹಬ್ಬ ಅಂದಮೇಲೆ ಡೊಳ್ಳು, ನಾದಸ್ವರ, ಮಧ್ಯೆ ಮಕ್ಕಳ ಕೋರಸ್ಸು. ಆಕೆ ಕೈಯಾಡಿಸಿ ಬೇಡವೆಂದು ತನ್ನ ಫೋನಿನಲ್ಲಿ ಏನೋ ಹಾಕಿ ನನ್ನ ಕಿವಿಗೆ ಹಿಡಿದಳು. ಹೊರದೇಶದಲ್ಲಿ ಕ್ರಿಸ್‌ಮಸ್ ಬಂದಾಗ ಟಿ.ವಿ.ಯಲ್ಲಿ ಮಕ್ಕಳಿಗೆಂದು ಅರ್ಧ ಗಂಟೆಯ ಕಾರ್ಟೂನ್ ಹಾಕುತ್ತಾರಂತೆ. ಪ್ರತಿ ವರ್ಷ ಅದನ್ನೇ ಹಾಕಿದರೂ ಜನ ಪ್ರತಿ ವರ್ಷ ನೋಡುತ್ತಾರಂತೆ. ಅಂಥವುಗಳಲ್ಲಿ ಕೆಲವಕ್ಕೆ ಇರುವುದು ಜಾಝ್ ಸಂಗೀತ. ಮೂರೇ ಜನ. ಒಬ್ಬ ಪಿಯಾನೊ, ಒಬ್ಬ ಆಳೆತ್ತರದ ಪಿಟೀಲನ್ನು ನಿಲ್ಲಿಸಿಕೊಂಡು ಬೆರಳಲ್ಲಿ ಮೀಟುವವನು, ಇನ್ನೊಬ್ಬ ಡ್ರಮ್ಮಿನ ಮೇಲೆ ತಂತಿಯ ಬ್ರಶ್ ಆಡಿಸುವವನು.

"ಇದು ದೊಡ್ಡ ಹೋಟ್ಲಲ್ಲಿ ಊಟ ಮಾಡೋವಾಗ ಹಾಕ್ತಾರಲ್ಲ, ಅದಲ್ವಾ? ಮಕ್ಕಳಿಗೆ ಇದ್ಯಾಕೆ?"

ಆಕೆ ಫೋನನ್ನು ನನ್ನ ಕಿವಿಯಿಂದ ತೆಗೆದು ಹೇಳಿದಳು. "ಹಬ್ಬದ ದಿನ ಸಾಯಂಕಾಲ, ನೆಂಟರೆಲ್ಲ ಹೊರಟ ಮೇಲೆ ಒಂಥರಾ ಬೇಜಾರಾಗುತ್ತಲ್ಲ ಭಾವ, ಖುಷಿ ಒಳಗೇ ಇರೋ ಬೇಜಾರು. ಮಕ್ಕಳಿಗೂ ಆಗುತ್ತೆ. ನಮ್ಮಲ್ಲಿ ಯಾರೂ ಅದಕ್ಕೆ ಮ್ಯೂಸಿಕ್ ಮಾಡಲ್ಲ. ಇವ್ರು ಮಾಡಿದಾರೆ."

ನನಗೆ ತಲೆಗೆ ಹತ್ತಲಿಲ್ಲ. ಆದರೆ ಮನೆಗೆ ಹೋಗಿ ಮತ್ತೆ ಕೇಳಿದೆ. ನಮ್ಮ ಟಿ.ವಿ.ಯ ಮಕ್ಕಳ ಸಂಗೀತ ಇಲ್ಲಿ ನಗು, ಇಲ್ಲಿ ಹೆದರು ಎಂದು ಪ್ರತಿ ಕ್ಷಣ ಮಗುವಿನ ಕೈಹಿಡಿದು ಎಳೆಯುತ್ತದೆ. ಇದು ಹಾಗೆ ಎಳೆಯುತ್ತಿರಲಿಲ್ಲ. ಚಿತ್ರ ತನ್ನ ಪಾಡಿಗೆ, ಪಿಯಾನೊ ತನ್ನ ಪಾಡಿಗೆ ಜೊತೆಯಲ್ಲಿ ನಡೆದುಕೊಂಡು ಹೋಗುತ್ತಿದ್ದವು. ನಡುವೆ ತುಂಬ ಜಾಗ ಇತ್ತು. ಅದು ಹಿಡಿಸಿತು ಎಂದು ಒಪ್ಪಿಕೊಳ್ಳಲು ನನಗೆ ಎರಡು ದಿನ ಬೇಕಾಯಿತು.

ನುಡಿಸುವವರು ಬೇಕಲ್ಲ. ಶಿವಮೊಗ್ಗದಲ್ಲಿ ಕೀಬೋರ್ಡ್ ನುಡಿಸುವವರಿಗೇನೂ ಬರವಿಲ್ಲ. ಆದರೆ ಜಾಝ್ ಎಂದಕೂಡಲೇ ಒಬ್ಬೊಬ್ಬರೂ ಕೀಬೋರ್ಡಿನ ಒಂದು ಗುಂಡಿ ಒತ್ತಿ, ತಾನೇ ಬರುವ ರಿದಮ್ ಹಾಕಿ, ಅದರ ಮೇಲೆ ಮದುವೆಮನೆಯ ಹಾಡು ನುಡಿಸಿದರು. ಕೊನೆಗೆ ಹಾರ್ಮೋನಿಯಂ ರಿಪೇರಿಯವರೊಬ್ಬರು ಹೇಳಿದ್ದು ಭದ್ರಾವತಿಯ ಇವರ ಬಗ್ಗೆ. ಕಬ್ಬಿಣದ ಕಾರ್ಖಾನೆಯಿಂದ ರಿಟೈರಾದವರು, ತಮಿಳಿನವರು, ಚರ್ಚಿನಲ್ಲಿ ಭಾನುವಾರ ನುಡಿಸುತ್ತಾರೆ. ಹಿಂದೆ ಆಫೀಸರುಗಳ ಕ್ಲಬ್ಬಿನ ಬ್ಯಾಂಡಿನಲ್ಲಿ ಪಿಯಾನೊ ಇವರದೇ ಆಗಿತ್ತಂತೆ.

ನಾನೂ ನಾದಿನಿಯೂ ಹೋದೆವು. ಹಳೆಯ ಕಾಲೋನಿಯ ಸಣ್ಣ ಮನೆ. ಮುಂದಿನ ಕೋಣೆಯಲ್ಲಿ ಕೀಬೋರ್ಡಿಗೆ ಕಸೂತಿ ಹಾಕಿದ ಬಟ್ಟೆ ಹೊದಿಸಿತ್ತು. ಎಪ್ಪತ್ತು ದಾಟಿದ್ದರೂ ನೆಟ್ಟಗಿದ್ದರು. ಶರಟಿನ ಜೇಬಿನಲ್ಲಿ ಕನ್ನಡಕದ ಡಬ್ಬಿ. ಅವರ ಹೆಂಡತಿ ಕಾಫಿ ತಂದಿಟ್ಟು ಗೋಡೆಗೆ ಒರಗಿ ನಿಂತರು, ಗಂಡನನ್ನು ಯಾರೋ ಹುಡುಕಿಕೊಂಡು ಬಂದದ್ದು ಆಕೆಗೆ ಖುಷಿಯಾಗಿತ್ತು. ನಾನು ಯಾವ ಶ್ರುತಿ, ಎಷ್ಟು ನಿಮಿಷ ಎಂದು ಶುರುಮಾಡಿದೆ.

"ಅದೆಲ್ಲ ಆಮೇಲೆ ಸಾರ್," ಅಂದರು. "ಮೊದ್ಲು ಆನೆ ತೋರ್ಸಿ."

ನಾದಿನಿ ಲ್ಯಾಪ್‌ಟಾಪ್ ತೆರೆದಳು. ಆನೆಮರಿ ಹೊಳೆದಂಡೆಯಲ್ಲಿ ನಡೆಯುವ ಭಾಗವನ್ನು ಅವರು ಮೂರು ಸಲ ಹಾಕಿಸಿ ನೋಡಿದರು. ಆಮೇಲೆ ಎದ್ದು ಕೀಬೋರ್ಡಿನ ಬಟ್ಟೆ ಮಡಿಸಿಟ್ಟು ಎಡಗೈಯಿಂದ ದಪ್ಪ ಸ್ವರಗಳನ್ನು ಒಂದೊಂದೇ ಇಡತೊಡಗಿದರು. ಬಲಗೈ ಸುಮ್ಮನಿತ್ತು. ಸ್ವಲ್ಪ ಹೊತ್ತಾದ ಮೇಲೆ, ಬರಲೋ ಬೇಡವೋ ಎನ್ನುತ್ತ ಅದೂ ಬಂತು. ನಾದಿನಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಹೇಳಿರಲಿಲ್ವಾ ಎಂಬ ಮುಖ ಕಾಣಿಸುತ್ತಿತ್ತು, ಅದು ನನಗೆ ಗೊತ್ತು.

ಕ್ಲಬ್ಬಿನ ಕಾಲದಲ್ಲಿ ಗೋವಾದಿಂದ ಬಂದ ಮಾಸ್ತರೊಬ್ಬರು ಅವರಿಗೆ ಇದನ್ನು ಕಲಿಸಿದ್ದಂತೆ. ಪುಸ್ತಕವಿಲ್ಲ, ಬರೆಯುವುದಿಲ್ಲ, ಕೇಳಿ ಕೇಳಿ ಕಲಿಯಬೇಕು. ಶನಿವಾರ ಸಾಯಂಕಾಲ ಆಫೀಸರುಗಳು ಹೆಂಡತಿಯರ ಜೊತೆ ಕುಣಿಯುತ್ತಿದ್ದರಂತೆ. ಆಮೇಲೆ ಆಫೀಸರುಗಳು ಬದಲಾದರು, ಕುಣಿತ ನಿಂತಿತು. ಚರ್ಚಿನಲ್ಲಿ ಇದು ನಡೆಯುವುದಿಲ್ಲ, ಅಲ್ಲಿ ಪ್ರಾರ್ಥನೆಗೆ ನೆಟ್ಟಗೆ ನುಡಿಸಬೇಕು.

"ನಲವತ್ತು ವರ್ಷ ಆಯ್ತು ಸಾರ್, ಇದನ್ನ ನುಡ್ಸಿ ಅಂತ ಒಬ್ರೂ ಕೇಳಿಲ್ಲ," ಅಂದರು. "ಮನೇಲಿ ಒಬ್ನೇ ನುಡಿಸ್ಕೋತೀನಿ. ಇವ್ಳು ಕೇಳ್ತಾಳೆ. ಕೈ ಇನ್ನೂ ಇದೆ ಅಂತ ಗೊತ್ತಾಗ್ಬೇಕಲ್ಲ."

ಈ ಮಾತು ಹೇಳುವಾಗ ಅವರು ಕೈಗಳನ್ನು ಮುಂದೆ ಚಾಚಿ ತಿರುಗಿಸಿ ತೋರಿಸಿದರು. ಆ ಕೈಗಳ ಬಗ್ಗೆ ಅವರಿಗೆ ಎಷ್ಟು ಅಭಿಮಾನವಿತ್ತು ಎನ್ನುವುದು ನನಗೆ ಅವತ್ತೇ ಗೊತ್ತಾಗಿತ್ತು. ಗೊತ್ತಿರಲಿಲ್ಲ ಎಂದು ಈಗ ನಾನು ಹೇಳುವಂತಿಲ್ಲ.

ರೆಕಾರ್ಡಿಂಗ್ ಎರಡು ದಿನ ನಡೆಯಿತು. ದಂಪತಿ ಇಬ್ಬರೂ ಕೀಬೋರ್ಡನ್ನು ಬೆಡ್‌ಶೀಟಿನಲ್ಲಿ ಸುತ್ತಿ ಬಸ್ಸಿನಲ್ಲಿ ತಂದರು. ಅದಕ್ಕೊಂದು ಕೇಬಲ್ ಹಾಕಿದರೆ ಅವರು ಒತ್ತುವ ಪ್ರತಿ ಸ್ವರವೂ ನನ್ನ ಕಂಪ್ಯೂಟರಿನಲ್ಲಿ ಒಂದು ಸಣ್ಣ ಗೀಟಾಗಿ ಬಂದು ಕೂರುತ್ತದೆ. ಆ ಗೀಟನ್ನು ಹಿಂದೆ ಮುಂದೆ ಸರಿಸಬಹುದು, ಅಳಿಸಬಹುದು. ತಂತಿಯ ಬ್ರಶ್ ನಮ್ಮಲ್ಲಿರಲಿಲ್ಲ. ಕಡ್ಡಿ ಪೊರಕೆಯಿಂದ ಒಂದು ಹಿಡಿ ಕಡ್ಡಿ ಕಿತ್ತು, ಬುಡಕ್ಕೆ ರಬ್ಬರ್ ಬ್ಯಾಂಡ್ ಹಾಕಿ, ಪೇಪರಿನ ಮೇಲೆ ಸರಸರ ಆಡಿಸಿದವನು ನಾನು. ಪರವಾಗಿಲ್ಲ ಎನ್ನುವಷ್ಟು ಚೆನ್ನಾಗಿ ಬಂತು.

ಆನೆಮರಿ ವಾಪಸು ಬರುವ ಕೊನೆಯ ಭಾಗಕ್ಕೆ ಅವರು ನುಡಿಸಿದ್ದನ್ನು ಹೇಗೆ ಹೇಳಲಿ? ಖುಷಿಯಿತ್ತು, ಖುಷಿಯ ಒಳಗೆ ಏನೋ ಕಳೆದುಕೊಂಡ ಹಾಗೂ ಇತ್ತು. ನಾದಿನಿ ನೆಲದ ಮೇಲೆ ಮೊಣಕಾಲು ಕಟ್ಟಿಕೊಂಡು ಕೂತು ಅತ್ತಳು. ನಾನೂ ಪೊರಕೆ ಕಡ್ಡಿ ಆಡಿಸುವುದನ್ನೇ ಮರೆತೆ. ಇಷ್ಟಾದ ಮೇಲೂ ನಾನು ಮಾಡಿದ್ದನ್ನು ನೋಡಿ.

ಅವರು ಹೋದ ಮೇಲೆ ಒಬ್ಬನೇ ಕಂಪ್ಯೂಟರಿನ ಮುಂದೆ ಕೂತೆ. ಗೀಟುಗಳು ಒಂದೂ ಸಾಲಿನಲ್ಲಿರಲಿಲ್ಲ. ಜೋಡಿಯಾಗಿ ಬರುವ ಎರಡು ಸ್ವರಗಳಲ್ಲಿ ಮೊದಲನೆಯದು ಹೆಚ್ಚು ಹೊತ್ತು ನಿಲ್ಲುತ್ತಿತ್ತು, ಎರಡನೆಯದು ತಡವಾಗಿ ಓಡಿಬಂದು ಮುಂದಿನದರ ಬೆನ್ನಿಗೆ ತಾಗಿಕೊಳ್ಳುತ್ತಿತ್ತು. ತೊಡೆ ತಟ್ಟಿ ಲೆಕ್ಕ ಹಾಕಿದೆ. ನಾಲ್ಕರ ಲೆಕ್ಕಕ್ಕೆ ಕೂರಲಿಲ್ಲ. ಸರಿ, ಮೂರರ ಲೆಕ್ಕವಿರಬೇಕು ಎಂದು ನೋಡಿದೆ, ಅದಕ್ಕೂ ಪೂರ್ತಿ ಕೂರಲಿಲ್ಲ. ನನಗೆ ತಬಲಾ ಕಲಿಸಿದ ಮೇಷ್ಟ್ರು ಒಂದು ಮಾತ್ರೆಯ ಕಾಲು ಭಾಗ ಆಚೀಚೆಯಾದರೂ ಬೆರಳ ಗೆಣ್ಣಿಗೆ ಸ್ಕೇಲಿನಲ್ಲಿ ಹೊಡೆಯುತ್ತಿದ್ದರು. ಆ ಪೆಟ್ಟು ತಿಂದು ಬೆಳೆದ ಕಿವಿ ನನ್ನದು. ಮುದುಕರು, ಕೈ ನಡುಗಿದೆ ಎಂದು ತೀರ್ಮಾನಿಸಿದೆ. ಪಾಪ ಅಂದುಕೊಂಡೆ ಕೂಡ.

ಆದರೂ ಕೈ ಹಚ್ಚಲು ಧೈರ್ಯ ಬರಲಿಲ್ಲ. ಮಾರನೆಯ ಬೆಳಿಗ್ಗೆ ಅವರದೇ ಫೋನು ಬಂತು.

"ಸಾರ್, ಒಂದೇ ಒಂದು ಮಾತು. ಜೋಲಿ ಸ್ವಲ್ಪ ನೋಡ್ಕೊಳ್ಳಿ."

ನಮ್ಮಲ್ಲಿ ಕುಡಿದವನು ಜೋಲಿ ಹೊಡೆಯುತ್ತಾನೆ, ಲೋಡು ಜಾಸ್ತಿಯಾದ ಟ್ರ್ಯಾಕ್ಟರು ಜೋಲಿ ಹೊಡೆಯುತ್ತದೆ. ಪಾಪ, ತಮ್ಮ ಕೈ ಜೋಲಿ ಹೊಡೆದದ್ದು ಅವರಿಗೇ ಗೊತ್ತಾಗಿದೆ, ಬಾಯಿಬಿಟ್ಟು ಸರಿಮಾಡಿ ಎನ್ನಲು ಸಂಕೋಚ, ಅದಕ್ಕೆ ನೋಡ್ಕೊಳ್ಳಿ ಅನ್ನುತ್ತಿದ್ದಾರೆ ಎಂದುಕೊಂಡೆ. ನಲ್ಲಿ ಸೋರುತ್ತಿದೆ ಸ್ವಲ್ಪ ನೋಡ್ಕೊಳ್ಳಿ ಎಂದು ಪ್ಲಂಬರಿಗೆ ಹೇಳುವುದಿಲ್ಲವೇ, ಹಾಗೆ.

"ಅದು ನಂಗೆ ಬಿಡಿ ಅಂಕಲ್. ನೋಡ್ಕೊಂಡಾಯ್ತು ಅಂತ್ಲೇ ತಿಳ್ಕೊಳ್ಳಿ."

"ಗೊತ್ತು ಸಾರ್. ನಿಮ್ಗೆ ಕಿವಿ ಇದೆ," ಅಂದು ನೆಮ್ಮದಿಯಿಂದ ಫೋನಿಟ್ಟರು.

ಕಂಪ್ಯೂಟರಿನಲ್ಲಿ ಅದಕ್ಕೊಂದು ಗುಂಡಿ ಇದೆ. ಎಲ್ಲ ಗೀಟುಗಳನ್ನೂ ಆರಿಸಿಕೊಂಡು ಅದನ್ನು ಒತ್ತಿದರೆ ಪ್ರತಿ ಸ್ವರವೂ ತನ್ನ ತನ್ನ ಮನೆಗೆ ಸರಿದು ಸಾಲಾಗಿ ಕೂರುತ್ತದೆ. ಎರಡು ದಿನ ನುಡಿಸಿದ್ದು ಒಂದು ಸೆಕೆಂಡಿನಲ್ಲಿ ನೆಟ್ಟಗಾಯಿತು. ಕೇಳಿ ನೋಡಿದೆ. ಅಚ್ಚುಕಟ್ಟಾಗಿತ್ತು. ಒಳಗೆಲ್ಲೋ ಒಂದು ಚೂರು ಕಸಿವಿಸಿಯಾಯಿತು. ನಿನ್ನೆ ಕಡ್ಡಿ ಆಡಿಸುವುದನ್ನು ಮರೆತ ಜಾಗದಲ್ಲಿ ಇವತ್ತು ಏನೂ ಆಗಲಿಲ್ಲವಲ್ಲ ಎನಿಸಿತು. ಎರಡನೇ ಸಲ ಕೇಳಿದ್ದಕ್ಕೆ ಹಾಗೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಅದೇ ಫೈಲಿನ ಮೇಲೆ ಸೇವ್ ಮಾಡಿದೆ. ಹಳೆಯದನ್ನು ಬೇರೆ ಇಟ್ಟುಕೊಳ್ಳುವ ಅಭ್ಯಾಸ ಆಗ ನನಗಿರಲಿಲ್ಲ. ಈಗ ಪ್ರತಿ ಸಣ್ಣ ಜಾಹೀರಾತನ್ನೂ ಮೂರು ಮೂರು ಕಡೆ ಇಡುತ್ತೇನೆ, ಏನು ಪ್ರಯೋಜನ?

ಬಲಿಪಾಡ್ಯಮಿಯ ದಿನ ಮಧ್ಯಾಹ್ನ ನಾಲ್ಕು ಗಂಟೆಗೆ ಪ್ರಸಾರ. ಭದ್ರಾವತಿಗೇ ಬನ್ನಿ, ಎಲ್ಲ ಒಟ್ಟಿಗೆ ನೋಡೋಣ ಎಂದು ಅವರು ಕರೆದಿದ್ದರು. ನಾದಿನಿ ಹೋಳಿಗೆ ಕಟ್ಟಿಸಿಕೊಂಡು ಬಂದಳು. ಹೋಗಿ ನೋಡಿದರೆ ಅರ್ಧ ಕಾಲೋನಿ ಅಲ್ಲಿದೆ. ಚರ್ಚಿನವರು, ಪಕ್ಕದ ಮನೆಯ ತೆಲುಗಿನವರು, ಕಾರ್ಖಾನೆಯಲ್ಲಿ ಅವರ ಜೊತೆ ಕೆಲಸ ಮಾಡಿದ ಇಬ್ಬರು. ಹಿರಿಯರು ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿ ಟಿ.ವಿ.ಯ ಎದುರಿಗೇ ಕುರ್ಚಿ ಹಾಕಿಕೊಂಡು ಕೂತಿದ್ದರು.

ಆನೆಮರಿ ಕಾಣಿಸಿದ ತಕ್ಷಣ ಮಕ್ಕಳು ಕಿರುಚಿದವು. ಪಿಯಾನೊ ಶುರುವಾಯಿತು. ನಾನು ಟಿ.ವಿ. ನೋಡುತ್ತಿರಲಿಲ್ಲ, ಅವರನ್ನು ನೋಡುತ್ತಿದ್ದೆ. ಮೆಚ್ಚುಗೆ ಬೇಕಿತ್ತು ನನಗೆ. ಅವರ ಬಲಗೈ ಬೆರಳುಗಳು ತೊಡೆಯ ಮೇಲೆ ಜೊತೆಯಲ್ಲಿ ಆಡುತ್ತಿದ್ದವು. ಒಂದು ನಿಮಿಷವಾಗಿರಬಹುದು. ಬೆರಳುಗಳು ಮುಂದೆ ಹೋದವು, ನಿಂತವು, ಮತ್ತೆ ಹಿಡಿಯಲು ನೋಡಿದವು, ಆಮೇಲೆ ಮಡಚಿಕೊಂಡವು. ಕೊನೆಯವರೆಗೂ ಅವರು ಆ ಕೈ ಬಿಚ್ಚಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದಾಗ ಎದ್ದು ನಿಂತು ಎಲ್ಲರಿಗೂ ಕೈ ಮುಗಿದರು.

"ಭಾವ, ಅವತ್ತು ಕೇಳಿದಂಗಿಲ್ವಲ್ಲ?" ಎಂದು ನಾದಿನಿ ಕಿವಿಯಲ್ಲಿ ಕೇಳಿದಳು.

"ಟಿ.ವಿ. ಸ್ಪೀಕರ್ ಮಾರಾಯ್ತಿ," ಅಂದೆ.

ಆಕೆ ಹೋಳಿಗೆ ಹಂಚಲು ಒಳಗೆ ಹೋದಳು. ಅವರು ನನ್ನನ್ನು ಹೊರಗೆ ಜಗಲಿಗೆ ಕರೆದುಕೊಂಡು ಹೋದರು.

"ತುಂಬ ನೀಟಾಗಿದೆ ಸಾರ್," ಅಂದರು. ಮುಖದಲ್ಲಿ ಕೋಪವಿರಲಿಲ್ಲ, ನಾಚಿಕೆಯಿತ್ತು. "ನನ್ ಕೈ ಇಷ್ಟು ಮರಗಟ್ಟಿದೆ ಅಂತ ಗೊತ್ತೇ ಇರ್ಲಿಲ್ಲ ಸಾರ್. ನುಡಿಸೋವಾಗ ಜೋಲಿ ಇದೆ ಅಂತ್ಲೇ ಅನ್ನಿಸ್ತಿತ್ತು. ಮನೇಲೂ ಹಂಗೇ ಅನ್ನಿಸ್ತಿತ್ತು. ಹೊರಗಿಂದ ಕೇಳಿದ್ಮೇಲೆ ತಾನೆ ಗೊತ್ತಾಗೋದು."

"ಜೋಲಿ ಅಂದ್ರೆ?" ಎಂದು ಕೇಳಿದೆ.

ಅವರು ನಕ್ಕರು. ಗೋವಾದ ಮಾಸ್ತರು ಅದಕ್ಕೆ ಇಂಗ್ಲಿಷಿನಲ್ಲಿ ಸ್ವಿಂಗ್ ಅನ್ನುತ್ತಿದ್ದರಂತೆ. ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದ ನಮ್ಮ ಕಡೆಯವನೊಬ್ಬನಿಗೆ ಅದು ಅರ್ಥವಾಗಲಿಲ್ಲವಂತೆ. ಆಗ ಇವರು ಮಗುವಿಗೆ ಸೀರೆಯಲ್ಲಿ ಕಟ್ಟುವ ಜೋಲಿಯನ್ನು ತೋರಿಸಿ ಅರ್ಥ ಮಾಡಿಸಿದರಂತೆ. ಆ ತುದಿಗೆ ಹೋದಾಗ ಜೋಲಿ ಒಂದು ಗಳಿಗೆ ನಿಲ್ಲುತ್ತದೆ, ಆಮೇಲೆ ಬೇಗ ವಾಪಸು ಬರುತ್ತದೆ. ಸ್ವರವೂ ಹಾಗೇ ತೂಗಬೇಕು, ಸಮವಾಗಿ ತೂಗಿದರೆ ಮಗು ಮಲಗುವುದಿಲ್ಲ. ಅಂದಿನಿಂದ ಅವರ ಬ್ಯಾಂಡಿನಲ್ಲಿ ಅದರ ಹೆಸರೇ ಜೋಲಿ.

"ಆನೆ ನಡಿಯೋದ್ರಲ್ಲೂ ಅದಿದೆ ಸಾರ್. ಅದಕ್ಕೇ ನಿಮ್ಗೆ ಫೋನ್ ಮಾಡಿ ಹೇಳ್ದೆ, ಅದೊಂದು ಜೋಪಾನ ಅಂತ. ಪಾಪ, ನೀವೇನು ಮಾಡೋಕಾಗುತ್ತೆ? ನನ್ ಕೈಯಲ್ಲೇ ಇಲ್ಲದ್ದು ನೀವೆಲ್ಲಿಂದ ತರ್ತೀರ?"

ಮಗುವನ್ನು ನೋಡ್ಕೊಳ್ಳಿ ಎಂದು ಅವರು ನನ್ನ ಕೈಯಲ್ಲಿ ಕೊಟ್ಟಿದ್ದರು. ನಾನು ನಲ್ಲಿ ರಿಪೇರಿ ಮಾಡಿದ್ದೆ. ಅಷ್ಟು ಹೊತ್ತಿಗೆ ನನಗೆ ಎಲ್ಲವೂ ಅರ್ಥವಾಗಿತ್ತು. ಇದು ನಿಮ್ಮ ಕೈಯದಲ್ಲ ಅಂಕಲ್, ನನ್ನದು, ಒಂದು ಗುಂಡಿ ಒತ್ತಿ ನಾನೇ ಕೆಡಿಸಿದೆ ಎಂದು ಹೇಳಬೇಕಿತ್ತು. ಒಂದೇ ವಾಕ್ಯ. ಆದರೆ ಒಳಗೆ ಅರ್ಧ ಕಾಲೋನಿ ಕೂತಿತ್ತು, ನಾದಿನಿ ಇದ್ದಳು, ಶಿವಮೊಗ್ಗದಿಂದ ಬಂದ ಮ್ಯೂಸಿಕ್ಕಿನವರು ಎಂದು ನನಗೆ ಒಳ್ಳೆಯ ಕುರ್ಚಿ ಹಾಕಿದ್ದರು. ನನ್ನ ಬಾಯಿಂದ ಬಂದದ್ದು ಬೇರೆಯೇ.

"ವಯಸ್ಸಾಯ್ತಲ್ಲ ಅಂಕಲ್. ಈ ವಯಸ್ಸಿಗೆ ಇಷ್ಟು ನುಡ್ಸೋದೇ ಹೆಚ್ಚು," ಅಂದೆ.

ಅವರು ತಲೆಯಾಡಿಸಿದರು. "ಹೌದು ಸಾರ್. ನೀವು ಕಿವಿ ಇರೋರು, ನೀವೇ ಹೇಳಿದ್ಮೇಲೆ ಮುಗೀತು."

ಬದುಕಿನಲ್ಲಿ ನಾನು ಬೇಕಾದಷ್ಟು ಸುಳ್ಳು ಹೇಳಿದ್ದೇನೆ. ಇಂದು ಕೊಡುತ್ತೇನೆ, ನಾಳೆ ಮುಗಿಯುತ್ತದೆ, ಮೈಕು ಕೆಟ್ಟಿದೆ. ಅವೆಲ್ಲ ಈ ಕಸುಬಿನಲ್ಲಿ ಇರುವಂಥವೇ. ಇದು ಆ ಜಾತಿಯದಲ್ಲ. ಅವರು ನಲವತ್ತು ವರ್ಷ ಯಾರೂ ಕೇಳದಿದ್ದರೂ ಕಾಪಾಡಿಕೊಂಡು ಬಂದದ್ದನ್ನು ನಾನು ಒಂದು ಮಾತಿನಲ್ಲಿ ಮುಗಿಸಿದೆ, ಅದೂ ನನ್ನ ಮರ್ಯಾದೆ ಉಳಿಸಿಕೊಳ್ಳಲು. ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಕಾರ್ಟೂನು ಚೆನ್ನಾಗಿಯೇ ಹೋಯಿತು. ಮರುವರ್ಷ ಕ್ರಿಸ್‌ಮಸ್ಸಿಗೆ ಇನ್ನೊಂದು ಮಾಡೋಣವೆಂದು ಚಾನೆಲ್ಲಿನವರೇ ಕೇಳಿದರು. ನಾದಿನಿ ಭದ್ರಾವತಿಯ ಕಾಲೋನಿಯನ್ನೇ ಇಟ್ಟುಕೊಂಡು, ಮನೆಮನೆಯ ಮುಂದೆ ನಕ್ಷತ್ರ ಕಟ್ಟುವ ಕಥೆಯೊಂದನ್ನು ಬರೆದು ಅವರಿಗೆ ಫೋನು ಮಾಡಿದಳು. ಅವರು ಆಗುವುದಿಲ್ಲ ಎಂದರು.

"ಕೈ ಬರಲ್ಲಮ್ಮ. ನಿಮ್ಮ ಭಾವನಿಗೆ ಗೊತ್ತು, ಕೇಳಿ."

ಆಕೆ ಕೇಳಿದಳು. ಪಾಪ, ವಯಸ್ಸಾಯಿತು ಎಂದೆ. ಎರಡನೇ ಸಲ ಹೇಳುವಾಗ ಸುಳ್ಳು ಇನ್ನೂ ಸಲೀಸಾಗಿ ಬಂತು. ಆಕೆ ಇಂಟರ್ನೆಟ್ಟಿನಿಂದ ಯಾವುದೋ ಸಿದ್ಧ ಸಂಗೀತ ತೆಗೆದು ಹಾಕಿದಳು. ಗಂಟೆ, ಗಲಗಲ, ಎಲ್ಲ ಇತ್ತು. ಯಾರಿಗೂ ಅದು ನೆನಪಿಲ್ಲ.

ಅಲ್ಲಿಗೆ ಎಳ್ಳುನೀರು ಬಿಟ್ಟಾಯಿತು ಎಂದುಕೊಂಡಿದ್ದೆ. ಆದರೆ ಭದ್ರಾವತಿ ಎಷ್ಟು ದೂರ? ಸುದ್ದಿ ಬರುತ್ತಲೇ ಇತ್ತು. ಅವರು ಚರ್ಚಿನಲ್ಲೂ ನುಡಿಸುವುದನ್ನು ಬಿಟ್ಟರಂತೆ, ಈಗ ಹಿಂದಿನ ಬೆಂಚಿನಲ್ಲಿ ಕೂರುತ್ತಾರಂತೆ. ಕೀಬೋರ್ಡನ್ನು ಸಂಬಂಧಿಕರ ಮಕ್ಕಳಿಗೆ ಕೊಟ್ಟುಬಿಟ್ಟರಂತೆ. ಹಾರ್ಮೋನಿಯಂ ರಿಪೇರಿಯವರು ಇದನ್ನೆಲ್ಲ ಬಹಳ ಸಹಜವಾಗಿ ಹೇಳಿದರು. ಒಂದು ವಯಸ್ಸಾದ ಮೇಲೆ ಹಾಗೇ ಅಲ್ಲವೇ ಎಂದರು. ನಾನು ಹೌದು ಹೌದು ಅಂದೆ.

ಈ ವರ್ಷ ದೀಪಾವಳಿಗೆ ಚಾನೆಲ್ಲಿನವರು ಆನೆಮರಿಯನ್ನು ಮತ್ತೆ ಹಾಕಿದರು. ಅದಾಗಿ ಒಂದು ವಾರಕ್ಕೆ ನಾದಿನಿ ನನ್ನ ಕೋಣೆಗೆ ಬಂದು, ಮೈಕಿನ ಮುಂದೆ ಕೂತಿದ್ದ ಜಾಹೀರಾತಿನವನನ್ನು ಟೀ ಕುಡಿದು ಬಾ ಎಂದು ತಾನೇ ಕಳಿಸಿ ಬಾಗಿಲು ಹಾಕಿದಳು.

"ಭಾವ, ನಮ್ ಸ್ಕೂಲಲ್ಲಿ ಮಕ್ಕಳು ಆನೆ ಮ್ಯೂಸಿಕ್ ಗುನುಗ್ತಿದಾರೆ. ಮಗ್ಗಿ ಹೇಳ್ದಂಗೆ ಕೇಳುತ್ತೆ. ಅವತ್ತು ನಾನು ಇಲ್ಲೇ ಕೂತು ಅತ್ತಿದ್ದು ಮಗ್ಗಿ ಕೇಳಿ ಅಲ್ಲ. ಏನ್ ಮಾಡಿದ್ರಿ?"

ಹೇಳಿದೆ. ಫೋನು, ಗುಂಡಿ, ಜಗಲಿ, ಎಲ್ಲ. ಹಳೆಯ ಫೈಲು ಇದೆಯಾ ಎಂದು ಕೇಳಿದಳು, ಇಲ್ಲ ಅಂದೆ. ನನಗೆ ಬೈದರೆ ಸಾಕಾಗಿತ್ತು. ಆಕೆ ಬೈಯಲಿಲ್ಲ. ಹಾಕಿದ್ದ ಬಾಗಿಲು ತೆರೆದು, "ನನ್ ಹತ್ರ ಯಾಕ್ ಹೇಳ್ತೀರ ಭಾವ?" ಅಂದಳು. "ಬಸ್ಸು ಅರ್ಧ ಗಂಟೆಗೊಂದಿದೆ."

ಮಾರನೆಯ ದಿನ ಬೆಳಿಗ್ಗೆ ಹೊರಟೆ. ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡೆ. ಬೈಯಲಿ, ಎಷ್ಟು ಬೇಕಾದರೂ ಬೈಯಲಿ, ಕೊನೆಗೆ ಹೊಟ್ಟೆಗೆ ಹಾಕಿಕೊಳ್ಳುತ್ತಾರೆ, ದೊಡ್ಡ ಮನುಷ್ಯರು ಎಂದುಕೊಂಡೆ. ನೋಡಿ, ಅಲ್ಲಿಯೂ ನನ್ನದೇ ಚಿಂತೆ. ಕ್ಷಮೆ ಸಿಕ್ಕಿ ಬಸ್ಸು ಹತ್ತಿ ವಾಪಸು ಬರುವುದನ್ನೂ ಕಲ್ಪಿಸಿಕೊಂಡಾಗಿತ್ತು.

ಬಾಗಿಲು ತೆರೆದವರು ಅವರ ಹೆಂಡತಿ. ಹಿರಿಯರು ಒಳಗೆ ಊಟದ ಮೇಜಿನ ಮುಂದೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ತೆಳ್ಳಗಾಗಿದ್ದರು. ನನ್ನನ್ನು ನೋಡಿ ಏಳಲು ಹೋದರು, ಬೇಡವೆಂದು ಎದುರಿಗೆ ಕೂತು ಹೇಳಿದೆ. ಜೋಡಿಸಿಕೊಂಡ ಮಾತುಗಳು ಒಂದೂ ಬರಲಿಲ್ಲ. ನೀವು ನುಡಿಸಿದ್ದು ಬೇರೆ ಇತ್ತು ಅಂಕಲ್, ನಾನು ಅದನ್ನು ಕಂಪ್ಯೂಟರಿನಲ್ಲಿ ನೆಟ್ಟಗೆ ಮಾಡಿದೆ, ಟಿ.ವಿ.ಯಲ್ಲಿ ಬಂದದ್ದು ನಿಮ್ಮ ಕೈಯಲ್ಲ ಎಂದೆ. ಅವರು ಕಾಯಿ ಬಿಡಿಸುವುದನ್ನು ನಿಲ್ಲಿಸಿದರು.

"ಹಂಗಾದ್ರೆ ನಾನು ನುಡಿಸಿದಾಗ ಇತ್ತಾ?"

"ಇತ್ತು ಅಂಕಲ್."

"ನೀವು ಕೇಳಿದ್ರಾ?"

"ಕೇಳಿದೆ. ಎರಡು ದಿನಾನೂ ಇತ್ತು."

ನಾನು ಬೈಗುಳಕ್ಕೆ ತಲೆ ತಗ್ಗಿಸಿ ಕೂತೆ. ಏನೂ ಬರಲಿಲ್ಲ. ತಲೆಯೆತ್ತಿ ನೋಡಿದರೆ ಅವರ ಕಣ್ಣು ತುಂಬಿತ್ತು, ಮುಖವೆಲ್ಲ ನಗುವಿತ್ತು. ಮೇಜಿನ ಮೇಲಿಂದ ಕೈ ಚಾಚಿ ನನ್ನ ಕೈ ಹಿಡಿದುಕೊಂಡರು.

"ಬಂದು ಹೇಳಿದ್ರಲ್ಲ ಸಾರ್. ತುಂಬಾ ಥ್ಯಾಂಕ್ಸ್."

ಆಮೇಲೆ ಅಡಿಗೆಮನೆಯ ಕಡೆ ತಿರುಗಿ ಜೋರಾಗಿ ಹೆಂಡತಿಗೆ ತಮಿಳಿನಲ್ಲಿ ಹೇಳಿದರು. "ಅನ್ನಿಕ್ಕು ಎನ್ ಕೈ ಸರಿಯಾತ್ತಾನ್ ಇರುಂದುಚ್ಚಾಂ!" ಅವತ್ತು ನನ್ನ ಕೈ ಸರಿಯಾಗೇ ಇತ್ತಂತೆ. ಭದ್ರಾವತಿಗೆ ಓಡಾಡಿದವನಿಗೆ ಅಷ್ಟು ತಮಿಳು ಅರ್ಥವಾಗುತ್ತದೆ. ಹೇಳುತ್ತಲೇ ಅವರು ಮೇಜಿನ ಮೇಲಿದ್ದ ಸಿಪ್ಪೆಯನ್ನು ಬದಿಗೆ ಸರಿಸಿ ಎರಡೂ ಕೈಗಳನ್ನು ಕೀಬೋರ್ಡಿನ ಮೇಲಿಟ್ಟ ಹಾಗೆ ಇಟ್ಟರು. ಎಡಗೈ ನಾಲ್ಕು ಹೆಜ್ಜೆ ನಡೆಯಿತು. ಬಲಗೈಯ ಎರಡು ಬೆರಳು ಏಳಲೇ ಇಲ್ಲ. ಇನ್ನೊಮ್ಮೆ ಪ್ರಯತ್ನಿಸಿದರು. ಎರಡು ವರ್ಷ ಮುಟ್ಟದೆ ಬಿಟ್ಟ ಕೈ, ಗೆಣ್ಣುಗಳು ಊದಿದ್ದವು.

"ಈಗ ನಿಜವಾಗ್ಲೂ ಮರಗಟ್ಟಿದೆ ಸಾರ್," ಎಂದು ನಕ್ಕರು. "ಪರ್ವಾಗಿಲ್ಲ. ಅವತ್ತು ಇತ್ತಲ್ಲ."

ಅವರ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತರು. ಗಂಡನನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ಟಿ.ವಿ.ಲಿ ಬಂದ ದಿನಾನೇ ನಿಮ್ಗೆ ಗೊತ್ತಿತ್ತಾ?" ಎಂದು ಕನ್ನಡದಲ್ಲಿ ಕೇಳಿದರು.

"ಗೊತ್ತಿತ್ತು ಅಮ್ಮ."

ಆಕೆ ತಿರುಗಿ ಒಳಗೆ ಹೋದರು. ಹಿರಿಯರು ಮಾತ್ರ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಎರಡು ದಿನಾನೂ ಇತ್ತಾ ಸಾರ್, ಎರಡನೇ ದಿನವೂ ಇತ್ತಾ ಎಂದು ನನ್ನನ್ನು ಮತ್ತೆ ಮತ್ತೆ ಕೇಳುತ್ತಿದ್ದರು.